ಏರಿಯ ಮೇಲೆ ಕವುಚಿ ಹಾಕಿದ ದೋಣಿ

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಯ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಒಂದಲ್ಲ ಒಂದು ಕೆರೆಯ ಏರಿ ಕಣ್ಣಿಗೆ ಬೀಳದೇ ಇರದು. ಕೆರೆಯಲ್ಲಿ ನೀರಿದ್ದ ವರ್ಷವಾದರೆ ಏರಿಯ ಇಳಿಜಾರಿನಲ್ಲಿ ಕಪ್ಪು ಬಣ್ಣದ, ದೊಡ್ಡ ಬುಟ್ಟಿಯಂಥ ವಸ್ತುವೊಂದು ಬೋರಲಾಗಿ ಬಿದ್ದಿರುವುದೂ ಕಾಣುತ್ತದೆ. ಹೊಸಬರು ಅದನ್ನು ಕೋಳಿ ಮುಚ್ಚುವ ಮಂಕರಿಯೆಂದೋ, ಯಾರೋ ಮರೆತುಹೋದ ನೀರಿನ ತೊಟ್ಟಿಯೆಂದೋ ತಿಳಿದಾರು. ಅದು ದೋಣಿ. ಕನ್ನಡದಲ್ಲಿ ಹರಿಗೋಲು, ಗಡಿ ದಾಟಿದರೆ ತೆಲುಗಿನವರ ಬಾಯಲ್ಲಿ ಪುಟ್ಟಿ.

ಬಯಲುಸೀಮೆಗೂ ದೋಣಿಗೂ ಎಲ್ಲಿಯ ನಂಟು ಎಂದು ಕೇಳಬಹುದು. ನಂದಿಬೆಟ್ಟ ಹಾಗೂ ಅದರ ಸುತ್ತಲಿನ ಗಿರಿಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ನದಿಗಳು ಹುಟ್ಟುತ್ತವೆ. ಆದರೆ ತವರಿನಲ್ಲಿ ನಿಲ್ಲುವ ನದಿಗಳಲ್ಲ ಇವು. ಮಳೆ ಬಂದಾಗ ಕೆಂಪಗೆ ಹರಿದು, ಮಳೆ ನಿಂತಾಗ ಮರಳನ್ನಷ್ಟೇ ಬಿಟ್ಟು ಹೋಗುತ್ತವೆ. ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯ ಸೇತುವೆಯ ಮೇಲೆ ನಿಂತವರಿಗೆ ವರ್ಷದ ಬಹುಪಾಲು ದಿನ ಕಾಣುವುದು ನದಿಯಲ್ಲ, ನದಿಯ ಜಾಡು. ಹರಿದುಹೋಗುವ ನೀರನ್ನು ಹಿಡಿದು ನಿಲ್ಲಿಸಲು ಈ ಸೀಮೆಯ ಹಿರಿಯರು ಕಂಡುಕೊಂಡ ಉಪಾಯವೇ ಕೆರೆ. ಒಂದರ ಕೋಡಿ ಹರಿದು ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ, ಹೀಗೆ ಸರಪಳಿಯಂತೆ ಕೆರೆಗಳು. ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಶಿಡ್ಲಘಟ್ಟದ ಅಮಾನಿಕೆರೆ, ಚಿಂತಾಮಣಿಯ ಕನ್ನಂಪಲ್ಲಿ ಕೆರೆ ಎಲ್ಲವೂ ಆ ಬಗೆಯ ಕಟ್ಟಡಗಳೇ. ಕೆರೆ ಇದ್ದಲ್ಲಿ ಮೀನು, ಮೀನು ಇದ್ದಲ್ಲಿ ಬಲೆ, ಬಲೆ ಇದ್ದಲ್ಲಿ ಹರಿಗೋಲು.

ಬುಟ್ಟಿ ಹೆಣೆದಂತೆ ದೋಣಿ

ಹರಿಗೋಲಿಗೆ ಮೊಳೆಯಿಲ್ಲ, ಹಲಗೆಯಿಲ್ಲ. ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಅಡ್ಡಡ್ಡ ಉದ್ದುದ್ದ ಹರಡಿ ತಳವನ್ನು ಹೆಣೆಯುತ್ತಾರೆ. ಆಮೇಲೆ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತ ಬಿದಿರಿನ ಬಳೆ ಕಟ್ಟಿ, ಅಂಚನ್ನು ದಪ್ಪವಾಗಿ ಸುತ್ತುತ್ತಾರೆ. ಹಿಂದಿನ ಕಾಲದಲ್ಲಿ ಹೊರಗಡೆ ಹದಮಾಡಿದ ತೊಗಲನ್ನು ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯನ್ನು ದಾಟಿಸುತ್ತಿದ್ದ, ತೊಗಲು ಹೊದಿಸಿದ ಇಂಥ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲದ ಹಾಳೆ, ಟಾರ್ಪಾಲು ಬಂದಿವೆ. ಅದರ ಮೇಲೆ ಕಾಯಿಸಿದ ಡಾಂಬರನ್ನು ಬಳಿದರೆ ದೋಣಿ ಸಿದ್ಧ.

ಶಿಡ್ಲಘಟ್ಟದ ಕಡೆಯವರಿಗೆ ಈ ಹೆಣಿಗೆ ಹೊಸದೇನಲ್ಲ. ರೇಷ್ಮೆಹುಳು ಸಾಕುವ ಬಿದಿರಿನ ತಟ್ಟೆ, ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆ ಎರಡೂ ಇದೇ ದಬ್ಬೆಯ ಕೆಲಸ. ಬಿದಿರನ್ನು ಎಷ್ಟು ತೆಳುವಾಗಿ ಸೀಳಿದರೆ ಬಾಗುತ್ತದೆ, ಎಷ್ಟು ಬಾಗಿಸಿದರೆ ಮುರಿಯುತ್ತದೆ ಎಂಬ ಲೆಕ್ಕ ಮೇದರ ಕೈಗೆ ಗೊತ್ತು. ಬಿದಿರಿನ ಹೊರಮೈಯಲ್ಲಿ ನಾರುಗಳು ಒತ್ತಾಗಿದ್ದು ಗಟ್ಟಿ, ಒಳಮೈ ಮೆದು. ಆದ್ದರಿಂದಲೇ ಒಂದು ಕಡೆ ಗಟ್ಟಿತನವೂ ಇನ್ನೊಂದು ಕಡೆ ಬಳುಕೂ ಕೂಡಿಬರುತ್ತವೆ. ತಳಕ್ಕೆ ಕಲ್ಲು ತಗುಲಿದರೆ ಹಲಗೆಯ ದೋಣಿ ಸೀಳೀತು. ಹರಿಗೋಲು ಕೊಂಚ ಒಳಕ್ಕೆ ತಗ್ಗಿ ಮತ್ತೆ ಮೊದಲಿನಂತಾಗುತ್ತದೆ.

ಇಷ್ಟು ಹಗುರವಾದ ಬುಟ್ಟಿ ಇಬ್ಬರನ್ನು ಹೊರುವುದು ಹೇಗೆ? ಶಾಲೆಯ ಪುಸ್ತಕದ ಆರ್ಕಿಮಿಡೀಸನ ನಿಯಮವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ತಳ ಎರಡು ಮೀಟರ್ ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ದೋಣಿ ಒಂದು ಸೆಂಟಿಮೀಟರ್ ತಗ್ಗಿದರೆ ಪಕ್ಕಕ್ಕೆ ಸರಿಯುವ ನೀರು ಸುಮಾರು 31 ಲೀಟರ್, ಅಂದರೆ 31 ಕಿಲೋಗ್ರಾಂ. 62 ಕಿಲೋ ತೂಕದ ಮನುಷ್ಯ ಹತ್ತಿ ಕುಳಿತರೆ ದೋಣಿ ತಗ್ಗುವುದು ಎರಡೇ ಸೆಂಟಿಮೀಟರ್. ಇಬ್ಬರು, ಬಲೆ, ಬುಟ್ಟಿ ತುಂಬ ಮೀನು ಸೇರಿದರೂ ಐದಾರು ಸೆಂಟಿಮೀಟರ್ ಮೀರುವುದಿಲ್ಲ. ಮೊಣಕಾಲುದ್ದದ ನೀರಿನಲ್ಲೂ ಹರಿಗೋಲು ಸಲೀಸಾಗಿ ತೇಲುವುದರ ಗುಟ್ಟು ಇದು.

ದೋಣಿಯ ದಿನಚರಿ

ಕೆರೆಯಲ್ಲಿ ದಿನ ಶುರುವಾಗುವುದು ಸಂಜೆಗೆ. ಬಿಸಿಲು ಇಳಿದ ಮೇಲೆ ಇಬ್ಬರು ಹರಿಗೋಲನ್ನು ತಲೆಯ ಮೇಲೆ ಹೊತ್ತು ನೀರಿಗಿಳಿಸುತ್ತಾರೆ. ಒಬ್ಬ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ನೈಲಾನ್ ಬಲೆಯನ್ನು ಮೊಳಮೊಳವಾಗಿ ನೀರಿಗೆ ಬಿಡುತ್ತಾನೆ. ಮೇಲಂಚಿಗೆ ತೇಲುವ ಬೆಂಡು, ಕೆಳಂಚಿಗೆ ಭಾರದ ಗುಂಡು ಇರುವುದರಿಂದ ಬಲೆ ನೀರಿನೊಳಗೆ ಗೋಡೆಯ ಹಾಗೆ ನಿಲ್ಲುತ್ತದೆ. ಬೆಳಗಿನ ಜಾವ ಮತ್ತೆ ಹೋಗಿ ಬಲೆ ಎತ್ತಬೇಕು. ಮಳೆಗಾಲದಲ್ಲಿ ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳು ನೀರು ಇಳಿಯುವ ಬೇಸಿಗೆಯ ಹೊತ್ತಿಗೆ ಮಾರುವಷ್ಟು ಬೆಳೆದಿರುತ್ತವೆ. ಬಿಸಿಲೇರುವ ಮೊದಲೇ ಮೀನು ಪೇಟೆ ಸೇರಬೇಕು. ತಡವಾದರೆ ಬೆಲೆ ಕುಸಿಯುತ್ತದೆ.

ಹರಿಗೋಲಿನಲ್ಲಿ ಕುಳಿತುಕೊಳ್ಳುವುದೂ ಒಂದು ವಿದ್ಯೆ. ಮೊದಲ ಬಾರಿ ಹತ್ತಿದ ಹುಡುಗನಿಗೆ ಅಪ್ಪ ಹೇಳುವ ಮಾತು ಎಲ್ಲ ಕೆರೆಗಳಲ್ಲೂ ಒಂದೇ: "ನಿಂತ್ಕೋಬೇಡ ಕಣೋ, ಮಧ್ಯಕ್ಕೆ ಕಾಲಿಟ್ಟು ಕೂತ್ಕೋ." ನಿಂತರೆ ಗುರುತ್ವ ಕೇಂದ್ರ ಮೇಲೇರುತ್ತದೆ, ಅಂಚಿಗೆ ಸರಿದರೆ ದೋಣಿ ವಾಲುತ್ತದೆ. ಎದುರು ಬದುರಾಗಿ, ತಗ್ಗಿ ಕುಳಿತವರನ್ನು ಅದು ತೊಟ್ಟಿಲಿನಂತೆ ಹೊರುತ್ತದೆ. ಹುಟ್ಟು ಹಾಕುವುದು ಇನ್ನೂ ಕಷ್ಟ. ದೋಣಿಗೆ ಮೂತಿಯಿಲ್ಲ, ಬಾಲವಿಲ್ಲ. ಒಂದೇ ಪಕ್ಕ ಹುಟ್ಟು ಹಾಕಿದರೆ ಬುಗುರಿಯಂತೆ ಸುತ್ತುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಅನುಭವಿಗಳು ಮುಂಭಾಗದಲ್ಲಿ ಕುಳಿತು, ನೀರಿನಲ್ಲಿ ಎಂಟರ ಅಂಕಿ ಬರೆದ ಹಾಗೆ ಹುಟ್ಟನ್ನು ಆಡಿಸುತ್ತಾ ದೋಣಿಯನ್ನು ತಮ್ಮ ಹಿಂದೆ ಎಳೆದೊಯ್ಯುತ್ತಾರೆ.

ಬೆಳಗಿನ ಕೆಲಸ ಮುಗಿದ ಮೇಲೆ ಊಟವಾಗಿ ಮಲಗೋಣವೆಂದರೆ ಆಗದು. ಆಗ ಶುರುವಾಗುವುದೇ ದುರಸ್ತಿ.

ಒಂದು ತೂತಿನ ಲೆಕ್ಕ

ಹರಿಗೋಲಿನ ಮೊದಲ ಶತ್ರು ಜಾಲಿಮುಳ್ಳು. ವರ್ಷಗಟ್ಟಲೆ ಒಣಗಿದ್ದ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಕಾಡಿನಂತೆ ಬೆಳೆದಿರುತ್ತದೆ. ಕೆರೆ ತುಂಬಿದಾಗ ಆ ಮೋಟುಗಳು ನೀರಿನಡಿ ಕಾಣದಂತೆ ನಿಂತಿರುತ್ತವೆ. ದೋಣಿ ಅದರ ಮೇಲೆ ಸವರಿಕೊಂಡು ಹೋದರೆ ಹಾಳೆಗೆ ತೂತು ಬಿತ್ತೆಂದೇ ಅರ್ಥ.

ತೂತು ಸಣ್ಣದಾದರೇನು ಎನ್ನುವಂತಿಲ್ಲ. ಐದು ಸೆಂಟಿಮೀಟರ್ ಆಳದಲ್ಲಿ ಒಂದು ಚದರ ಮಿಲಿಮೀಟರ್‌ನಷ್ಟು ತೂತಿದ್ದರೂ ಗಂಟೆಗೆ ಎರಡು ಲೀಟರ್‌ಗಿಂತ ಹೆಚ್ಚು ನೀರು ಒಳಬರುತ್ತದೆ. ಅಂಥ ಐದು ತೂತುಗಳಿದ್ದರೆ ಮೂರು ಗಂಟೆಯಲ್ಲಿ ಮೂವತ್ತು ಲೀಟರ್, ಅಂದರೆ ಹತ್ತು ವರ್ಷದ ಹುಡುಗನೊಬ್ಬ ಹತ್ತಿ ಕುಳಿತಷ್ಟು ಭಾರ. ಆ ಹುಡುಗನಾದರೂ ಹೇಳಿದ ಕಡೆ ಕೂರುತ್ತಾನೆ, ನೀರು ಕೂರುವುದಿಲ್ಲ. ದೋಣಿ ಎತ್ತ ವಾಲುತ್ತದೋ ಅತ್ತಲೇ ಓಡಿ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಆದ್ದರಿಂದ ಪ್ರತಿ ಹರಿಗೋಲಿನಲ್ಲೂ ನೀರು ಮೊಗೆದು ಚೆಲ್ಲಲು ಒಂದು ಡಬ್ಬ ಇದ್ದೇ ಇರಬೇಕು.

ಎರಡನೆಯ ಶತ್ರು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತವೆ. ಹಾಳೆ ಬಿರುಸಾಗಿ ಪುಡಿಯೇಳುತ್ತದೆ. ಡಾಂಬರು ಹಗಲು ಮೆದುವಾಗಿ ರಾತ್ರಿ ಗಟ್ಟಿಯಾಗಿ, ಕಡೆಗೆ ಬಿರುಕು ಬಿಡುತ್ತದೆ. ಮೂರನೆಯದು ತೇವ. ನೆನೆದ ಬಿದಿರು ಒಣಗದಿದ್ದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಒಣಗಿದ ಬಿದಿರನ್ನು ಹುಳು ಕೊರೆಯುತ್ತದೆ. ದೋಣಿಯನ್ನು ನೀರಿನಲ್ಲೇ ಕಟ್ಟಿಹಾಕದೆ ಏರಿಯ ಮೇಲೆ ತಂದು ಕವುಚಿ ಹಾಕುವುದು ಇದಕ್ಕಾಗಿ. ತಳ ಒಣಗಬೇಕು, ಮಳೆನೀರು ಒಳಗೆ ನಿಲ್ಲಬಾರದು, ಗಾಳಿಗೆ ಹಾರಬಾರದು. ಕೆಲವರು ಅಂಚಿನ ಅಡಿಗೆ ಎರಡು ಕಲ್ಲಿಟ್ಟು ಒಳಗೆ ಗಾಳಿಯಾಡುವಂತೆಯೂ ಮಾಡುತ್ತಾರೆ.

ಇಷ್ಟೆಲ್ಲ ನೋಡಿಕೊಂಡರೂ ವರ್ಷಕ್ಕೊಮ್ಮೆಯಾದರೂ ಹಳೆಯ ಡಾಂಬರನ್ನು ಕೆರೆದು ಹೊಸದಾಗಿ ಬಳಿಯಬೇಕು. ಸವೆದ ದಬ್ಬೆ ಬದಲಿಸಬೇಕು, ಸಡಿಲವಾದ ಅಂಚನ್ನು ಬಿಗಿಯಬೇಕು. ಬಲೆಯ ಕೆಲಸವಂತೂ ದಿನನಿತ್ಯದ್ದು. ಹರಿದ ಕಣ್ಣುಗಳನ್ನು ಅದೇ ಅಳತೆಗೆ ಹೆಣೆಯದಿದ್ದರೆ ದೊಡ್ಡ ಮೀನು ತಪ್ಪಿಸಿಕೊಳ್ಳುತ್ತದೆ, ಇಲ್ಲವೇ ಮರಿಮೀನು ಸಿಕ್ಕಿಬೀಳುತ್ತದೆ. ದೋಣಿಯ ಮೇಲಿದ್ದಷ್ಟೇ ಹೊತ್ತು ದೋಣಿಯ ಪಕ್ಕದಲ್ಲೂ ಕಳೆಯಬೇಕು ಎಂಬುದು ಈ ಕಸುಬಿನ ಲೆಕ್ಕಾಚಾರ.

ಹಾಯಿ ಏಕೆ ಇಲ್ಲ?

ಆಷಾಢದ ಗಾಳಿಗೆ ನಮ್ಮ ಕೆರೆಗಳಲ್ಲೂ ಅಲೆ ಏಳುತ್ತದೆ. ಆ ಅಲೆಯ ಹೊಡೆತಕ್ಕೆ ಏರಿ ಕುಸಿಯಬಾರದೆಂದೇ ಒಳಮೈಗೆ ಕಲ್ಲು ಜೋಡಿಸಿರುತ್ತಾರೆ. ಅಷ್ಟು ಗಾಳಿಯಿದ್ದ ಮೇಲೆ ಹರಿಗೋಲಿಗೊಂದು ಹಾಯಿ ಕಟ್ಟಬಾರದೇ ಎಂದು ಜಾಣ ಹುಡುಗರು ಕೇಳುವುದುಂಟು.

ಕಟ್ಟಬಹುದು, ಆದರೆ ದೋಣಿ ಗಾಳಿ ತಳ್ಳಿದ ಕಡೆಗಷ್ಟೇ ಹೋಗುತ್ತದೆ. ಹಾಯಿದೋಣಿಯ ನಿಜವಾದ ಜಾಣ್ಮೆ ಮೇಲಿನ ಬಟ್ಟೆಯಲ್ಲಿ ಅರ್ಧ, ನೀರಿನಡಿಯ ಹಲಗೆಯಲ್ಲಿ ಇನ್ನರ್ಧ. ಪಕ್ಕದಿಂದ ಬೀಸುವ ಗಾಳಿ ದೋಣಿಯನ್ನು ಅಡ್ಡಕ್ಕೆ ಸರಿಸಲು ನೋಡುತ್ತದೆ. ನೀರಿನೊಳಗೆ ಇಳಿಬಿಟ್ಟ ಹಲಗೆ ಅಡ್ಡಕ್ಕೆ ಸರಿಯಗೊಡದೆ ಮುಂದಕ್ಕೆ ಮಾತ್ರ ಬಿಡುತ್ತದೆ. ಹೀಗಾಗಿ ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗಲಾರದಾದರೂ, ಓರೆಯಾಗಿ ಅತ್ತಿತ್ತ ತಿರುಗುತ್ತಾ ಗಾಳಿ ಬರುವ ದಿಕ್ಕಿಗೇ ಸಾಗಬಲ್ಲದು. ಚಪ್ಪಟೆ ತಳದ ಹರಿಗೋಲಿಗೆ ಅಂಥ ಹಲಗೆಯಿಲ್ಲ. ಇದ್ದಿದ್ದರೆ ಜಾಲಿಮೋಟಿನ ಕೆರೆಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನೀರಿಗೆ ತಕ್ಕ ದೋಣಿ!

ಹಾಯಿದೋಣಿಯನ್ನು ನೋಡಬೇಕೆನ್ನುವವರು ಕಡಲಿಗೇ ಹೋಗಬೇಕಾಗಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿಯ ಅಭ್ಯಾಸ ಮಾಡುತ್ತಾ ಬಂದಿದ್ದಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಹಾಯಿದೋಣಿಗಳ ಸ್ಪರ್ಧೆ ನಡೆದಿದೆ. ಆ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾದಾಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು.

ಮಕ್ಕಳಿಗಾಗಿಯೇ ಒಂದು ಪುಟ್ಟ ಹಾಯಿದೋಣಿ ಇದೆ. ಹೆಸರು ಆಪ್ಟಿಮಿಸ್ಟ್. ಅಮೆರಿಕದ ಫ್ಲಾರಿಡಾದಲ್ಲಿ 1947ರಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ರೂಪಿಸಿದ್ದು. ಉದ್ದ 2.3 ಮೀಟರ್, ಒಡಲಿನ ತೂಕ 35 ಕಿಲೋ. ಹದಿನೈದು ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ನಡೆಸುತ್ತಾರೆ. ನೀರಿನಿಂದ ಮೇಲೆ ಬಂದ ಮೇಲೆ ಒಡಲನ್ನು ತೊಳೆಯುವುದು, ಹಾಯಿಯನ್ನು ಒಣಗಿಸಿ ಸುತ್ತಿಡುವುದು, ಹಗ್ಗ ಸವೆದಿದೆಯೇ ಎಂದು ಬೆರಳಾಡಿಸಿ ನೋಡುವುದು, ಮಗುಚಿದರೂ ಮುಳುಗದಂತೆ ಕಟ್ಟಿರುವ ಗಾಳಿಚೀಲಗಳನ್ನು ಒತ್ತಿ ಪರೀಕ್ಷಿಸುವುದು, ನೀರು ಮೊಗೆಯುವ ಡಬ್ಬವನ್ನು ದಾರದಿಂದ ದೋಣಿಗೇ ಕಟ್ಟುವುದು, ಎಲ್ಲವೂ ಮಕ್ಕಳದೇ ಕೆಲಸ. ಅಮಾನಿಕೆರೆಯ ಹರಿಗೋಲಿನ ಡಬ್ಬಕ್ಕೂ ಈ ಡಬ್ಬಕ್ಕೂ ವ್ಯತ್ಯಾಸವೇನೂ ಇಲ್ಲ.

ಭೂಮಿ ಸುತ್ತಿದ ದೋಣಿಯ ಮನೆಗೆಲಸ

ಇನ್ನೂ ದೊಡ್ಡದಕ್ಕೆ ಹೋದರೂ ನಿಯಮ ಬದಲಾಗುವುದಿಲ್ಲ. ಗೋವಾದಲ್ಲಿ ಕಟ್ಟಿದ, 56 ಅಡಿ ಉದ್ದದ 'ತಾರಿಣಿ' ಎಂಬ ಹಾಯಿನೌಕೆಯಲ್ಲಿ ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ನೇತೃತ್ವದಲ್ಲಿ 2017ರ ಸೆಪ್ಟೆಂಬರ್ 10ರಂದು ಹೊರಟು, ಭೂಮಿಯನ್ನು ಸುತ್ತಿ 2018ರ ಮೇ 21ರಂದು ಗೋವಾಕ್ಕೆ ಮರಳಿದರು. ಮುಂದೆ 2024ರ ಅಕ್ಟೋಬರ್ 2ರಂದು ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಅದೇ ನೌಕೆಯಲ್ಲಿ ಹೊರಟು 2025ರ ಮೇ 29ರಂದು ಹಿಂದಿರುಗಿದರು.

ಪತ್ರಿಕೆಗಳಲ್ಲಿ ಬಂದದ್ದು ಬಿರುಗಾಳಿ, ಬೆಟ್ಟದಂಥ ಅಲೆಗಳ ಸುದ್ದಿ. ಆದರೆ ಅಂಥ ಯಾನದ ಬಹುಪಾಲು ದಿನಗಳು ಕಳೆಯುವುದು ಮನೆಗೆಲಸದಲ್ಲಿಯೇ. ಸರದಿಯ ಮೇಲೆ ಕಾವಲು, ಸರದಿಯ ಮೇಲೆ ನಿದ್ದೆ. ವಾಲಾಡುವ ಅಡುಗೆಮನೆಯಲ್ಲಿ ಅನ್ನ ಸಾರು. ಕುಡಿಯುವ ನೀರಿಗೆ ಲೋಟದ ಲೆಕ್ಕ. ಹರಿದ ಹಾಯಿಗೆ ಹೊಲಿಗೆ. ಸವೆದ ಹಗ್ಗಕ್ಕೆ ಬದಲಿ ಹಗ್ಗ. ಮೊದಲ ಯಾನದ ಕೊನೆಯ ಹಂತದಲ್ಲಿ, 2018ರ ಏಪ್ರಿಲ್‌ನಲ್ಲಿ, ಚುಕ್ಕಾಣಿಯ ಯಂತ್ರಭಾಗ ಕೆಟ್ಟು ತಾರಿಣಿ ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿಗೆ ಹೋಗಬೇಕಾಯಿತು. ಮೂರು ಸಾಗರಗಳನ್ನು ದಾಟಿದ ದೋಣಿಯನ್ನು ನಿಲ್ಲಿಸಿದ್ದು ಅಲೆಯಲ್ಲ, ಯಂತ್ರದ ಒಂದು ಭಾಗ.

ನೀರಿಗೂ ಬೇಕು ದುರಸ್ತಿ

ಕಡಲಿನವರಿಗಿಲ್ಲದ ಒಂದು ಕಷ್ಟ ಬಯಲುಸೀಮೆಯ ದೋಣಿಗಿದೆ. ಕಡಲು ತಾನಾಗಿ ಇರುತ್ತದೆ, ಕೆರೆ ಹಾಗಲ್ಲ. ಅದು ಮನುಷ್ಯ ಕಟ್ಟಿದ್ದು, ಆದ್ದರಿಂದ ದೋಣಿಯ ಹಾಗೆಯೇ ಅದಕ್ಕೂ ನಿತ್ಯದ ಆರೈಕೆ ಬೇಕು. ಏರಿಯಲ್ಲಿ ಇಲಿ, ಏಡಿ ಕೊರೆದ ಬಿಲ ಹರಿಗೋಲಿನ ತೂತಿಗೆ ಸಮಾನ. ತೂಬನ್ನು ಕಾಯುವ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಒಬ್ಬನಿರುತ್ತಿದ್ದ. ಬೇಸಿಗೆಯಲ್ಲಿ ರೈತರು ಹೂಳನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆ ಆಳವಾಗುತ್ತಿತ್ತು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಕೊಳವೆ ಬಾವಿಗಳು ಬಂದ ಮೇಲೆ ಕೆರೆಯ ಕಡೆ ನೋಡುವವರು ಕಡಿಮೆಯಾದರು. ರಾಜಕಾಲುವೆಗಳು ಒತ್ತುವರಿಯಾದವು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಕೊಳವೆ ಬಾವಿಗಳು ಸಾವಿರ ಅಡಿ ದಾಟಿದವು, ಹಲವು ಕಡೆ ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಯಿತು. ನೀರಿಲ್ಲದ ಕೆರೆಯ ಏರಿಯ ಮೇಲೆ ಹರಿಗೋಲುಗಳು ಬಿರುಕು ಬಿಟ್ಟು ಕೋಳಿಗೂಡಿಗೋ ಒಲೆಗೋ ಸೇರಿದವು. ಅವುಗಳೊಂದಿಗೆ ಹೆಣೆಯುವ ಕೈಗಳೂ ಬೇರೆ ಕೆಲಸಕ್ಕೆ ಹೋದವು.

2021ರ ಅಕ್ಟೋಬರ್, ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ನಂತರ ಕೋಡಿ ಹರಿದವು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿ ಮತ್ತೆ ನದಿಯೆನಿಸಿತು. ಇನ್ನೊಂದೆಡೆ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ತರುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಕಂದವಾರವೂ ಸೇರಿದಂತೆ ಹಲವು ಕೆರೆಗಳಿಗೆ ನೀರು ಬಂದಿದೆ. ಅಂತರ್ಜಲ ಮರುಪೂರಣಕ್ಕೆಂದು ತಂದ ನೀರು ಇದು. ಕುಡಿಯಲು, ಈಜಲು ತಂದದ್ದಲ್ಲ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಈ ಭಾಗದ ರೈತರು ಒತ್ತಾಯಿಸುತ್ತಲೇ ಬಂದಿದ್ದಾರೆ.

ನೀರು ಬಂದ ಕೆರೆಗಳಿಗೆ ದೋಣಿಯೂ ಮರಳುತ್ತಿದೆ. ಆದರೆ ಬಿದಿರಿನ ಜಾಗದಲ್ಲಿ ಈಗ ಹೆಚ್ಚಾಗಿ ಫೈಬರ್ ಗಾಜಿನ ಹರಿಗೋಲು. ಶಿಡ್ಲಘಟ್ಟದ ಬಿದಿರಿನ ಚಂದ್ರಿಕೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಚಂದ್ರಿಕೆ ಬಂದಂತೆಯೇ ಇದೂ. ಹುಳು ಹಿಡಿಯದು, ಕೊಳೆಯದು ಎಂಬುದು ಅನುಕೂಲವೇ. ಹಾಗೆಂದು ಆರೈಕೆ ತಪ್ಪಿತೆಂದಲ್ಲ. ಕಲ್ಲಿಗೆ ಬಡಿದರೆ ಬಳುಕದೆ ಬಿರುಕು ಬಿಡುತ್ತದೆ. ಬಿರುಕಿಗೆ ರಾಳ ಹಚ್ಚುವುದನ್ನು ಯಾರಾದರೂ ಕಲಿಯಲೇಬೇಕು.

ತಂದೆತಾಯಿಯರು ಯೋಚಿಸಬೇಕಾದ ಸಂಗತಿಯೊಂದಿದೆ. ಒಣ ಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದ ಮಕ್ಕಳಿಗೆ ತುಂಬಿದ ಕೆರೆಯ ಪರಿಚಯವಿಲ್ಲ. ಹೂಳು, ಮಣ್ಣು ತೆಗೆದ ಗುಂಡಿ ಎಲ್ಲಿದೆ, ಕೋಡಿಯ ಸೆಳೆತ ಎಷ್ಟು, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಅಂಚು ಎಷ್ಟು ಜಾರುತ್ತದೆ ಎಂಬುದು ಅವರಿಗೆ ತಿಳಿಯದು. ಮುಂಚೆ ಅಜ್ಜನೋ ಮಾವನೋ ಬಾವಿಗಿಳಿಸಿ ಈಜು ಕಲಿಸುತ್ತಿದ್ದರು. ಬಾವಿ ಬತ್ತಿದಾಗ ಆ ಪಾಠವೂ ನಿಂತಿತು. ಈಗ ಅದನ್ನು ಶುದ್ಧ ನೀರಿನ ಈಜುಕೊಳದಲ್ಲಿ, ಬಲ್ಲವರ ಮುಂದೆ ಮತ್ತೆ ಶುರು ಮಾಡಬೇಕು. ಹರಿಗೋಲು ಹತ್ತುವ ಮಗು ಲೈಫ್ ಜಾಕೆಟ್ ತೊಟ್ಟೇ ಹತ್ತಬೇಕು. ಅಪ್ಪ ಚೆನ್ನಾಗಿ ಈಜುತ್ತಾರೆ ಎಂಬುದು ಮಗುವಿಗೆ ರಕ್ಷೆಯಲ್ಲ.

ಬಿಸಿಲು ಏರುವ ಹೊತ್ತಿಗೆ ಮೀನು ಪೇಟೆಗೆ ಹೋಗಿರುತ್ತದೆ. ಹರಿಗೋಲು ಮತ್ತೆ ಏರಿಯ ಮೇಲೆ ಬೋರಲು ಬಿದ್ದಿರುತ್ತದೆ. ಅದರ ಒಡೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ತಳದ ಮೇಲೆ ಅಂಗೈ ಸವರುತ್ತಾ ಎಲ್ಲಿ ಒರಟಾಗಿದೆ, ಎಲ್ಲಿ ಬಿರುಕಿದೆ ಎಂದು ಹುಡುಕುತ್ತಾನೆ. ಸಿಕ್ಕಿದಲ್ಲಿ ಬೆರಳಿನಷ್ಟು ಡಾಂಬರು ಮೆತ್ತುತ್ತಾನೆ. ನಾಳೆಗೆ ಬಿಟ್ಟರೆ ಅದು ಅಂಗೈಯಷ್ಟಾಗುತ್ತದೆಂದು ಅವನಿಗೆ ಗೊತ್ತು. ಅವನು ಕುಳಿತಿರುವ ಏರಿಯಲ್ಲೂ ಹಾಗೆಯೇ ಒಂದು ಬಿಲ, ಒಂದು ಬಿರುಕು ಇದ್ದೀತು. ಅದರ ಮೇಲೆ ಕೈಯಾಡಿಸಿ ನೋಡುವ ಕೆಲಸ ಮಾತ್ರ ಅವನೊಬ್ಬನದಲ್ಲ, ಇಡೀ ಊರಿನದು.